ದೀಪ ಹಚ್ಚುವ ಮುಂಚೆ

ಎಡಗಡೆಯಿಂದ ಮೂರನೆಯ ಹಲ್ಲು ಇಲ್ಲ. ಉಳಿದವು ಬುಡದಲ್ಲಿ ಕಪ್ಪಗಾಗಿ, ತುದಿಯಲ್ಲಿ ಸವೆದು ನುಣುಪಾಗಿವೆ. ಮರದ ಬಾಚಣಿಗೆ. ಮೂಗಿನ ಹತ್ತಿರ ಹಿಡಿದರೆ ಕರಿಬೇವು ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ. ಅದರಡಿಯಲ್ಲಿ, ತುಂಬ ತೆಳುವಾಗಿ, ಆಸ್ಪತ್ರೆಯ ಕಾರ್ಬಾಲಿಕ್ ಸೋಪಿನದು. ಈ ಎರಡನೆಯದು ನನ್ನ ಕಲ್ಪನೆಯೂ ಇರಬಹುದು. ಮರ ಇಷ್ಟು ವರ್ಷ ಒಂದು ವಾಸನೆಯನ್ನು ಹಿಡಿದಿಡುತ್ತದೆಯೋ ಇಲ್ಲವೋ ನನಗೆ ತಿಳಿಯದು.

ಹೋದ ವಾರ ಇದು ನನ್ನ ಕೈಗೆ ಬಂತು. ಹೇಗೆ ಬಂತು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಇದು ಯಾರದೆಂದು ಹೇಳಬೇಕು.

ಅವರನ್ನು ಎಲ್ಲರೂ ಹೋಂ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಸಿದ್ದಾಪುರದ ಆಚೆ ಆಗ ಒಂದು ಸಣ್ಣ ಆಸ್ಪತ್ರೆ ಇತ್ತು, ಈಗ ಇಲ್ಲ. ಅಲ್ಲಿ ನರ್ಸುಗಳು ಉಳಿದುಕೊಳ್ಳಲು ಜಾಗವಿರಲಿಲ್ಲವಾದ್ದರಿಂದ ಆಡಳಿತ ಮಂಡಳಿಯವರು ಜಯನಗರದಲ್ಲಿ, ನಮ್ಮ ಪಕ್ಕದ ಹೆಂಚಿನ ಮನೆಯನ್ನು ಬಾಡಿಗೆಗೆ ಹಿಡಿದಿದ್ದರು. ಅಲ್ಲಿದ್ದ ಹತ್ತು ಹನ್ನೆರಡು ಹುಡುಗಿಯರ ಊಟ, ನಿದ್ದೆ, ಹೋಗುವುದು, ಬರುವುದು ಎಲ್ಲದರ ಹೊಣೆ ಅವರದು. ಅವರೂ ಹಿಂದೆ ವಾರ್ಡಿನಲ್ಲಿ ಕೆಲಸ ಮಾಡಿದ ನರ್ಸೇ. ಐವತ್ತು ದಾಟಿದ, ಗಿಡ್ಡನೆಯ, ಅಗಲ ಭುಜದ ಹೆಂಗಸು. ಹಾಸನದ ಕಡೆಯವರು ಎಂದು ಗೊತ್ತಿತ್ತು. ಅದಕ್ಕಿಂತ ಹೆಚ್ಚಿನದನ್ನು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಅಪ್ಪ ಜಯನಗರದಲ್ಲಿ ಮನೆ ಕಟ್ಟಿಸಿದಾಗ ಬಸವನಗುಡಿಯ ನೆಂಟರು, "ಅಲ್ಲಿ ನರಿ ಕೂಗುತ್ತಂತಲ್ಲ, ನಿದ್ದೆ ಬರುತ್ತೇನ್ರೀ?" ಎಂದು ನಕ್ಕಿದ್ದರಂತೆ. ನಮ್ಮ ಬೀದಿಯಲ್ಲಿ ಕಟ್ಟಿದ ಮನೆಗಳಿಗಿಂತ ಮೂಲೆಗೊಂದು ಕಲ್ಲು ನೆಟ್ಟ ಖಾಲಿ ನಿವೇಶನಗಳೇ ಹೆಚ್ಚು. ಪಕ್ಕದ ಮನೆಯ ಮಾಲೀಕರು ಹಳೆಯ ಊರಿನವರು. ರಾಗಿ ಬೆಳೆಯುತ್ತಿದ್ದ ಹೊಲ ಬಡಾವಣೆಗೆ ಹೋದಮೇಲೆ ಮನೆ ಕಟ್ಟಿಸಿ, ಮುಂದಿನ ಭಾಗ ಬಾಡಿಗೆಗೆ ಕೊಟ್ಟು, ಹಿಂದಿನ ಭಾಗದಲ್ಲಿ ತಾವಿದ್ದರು. ಆ ಮನೆಗೂ ನಮ್ಮ ಮನೆಗೂ ನಡುವೆ ಸೊಂಟದೆತ್ತರದ ಕಾಡುಗಲ್ಲಿನ ಗೋಡೆ. ಗಾರೆಯಿಲ್ಲದೆ ಪೇರಿಸಿದ್ದು. ಕಲ್ಲುಗಳ ನಡುವೆ ಬೆರಳು ತೂರುವಷ್ಟು ಸಂದುಗಳಿದ್ದವು.

ಬೆಳಗಿನ ಪಾಳಿಯ ಹುಡುಗಿಯರು ಬಿಸಿಲು ಇಳಿಯುವ ಹೊತ್ತಿಗೆ ಬರುತ್ತಿದ್ದರು. ಹಂಡೆಯಲ್ಲಿ ನೀರು ಕಾದಿರುತ್ತಿತ್ತು. ಸ್ನಾನ, ಊಟ, ಆಮೇಲೆ ಒಬ್ಬೊಬ್ಬರಾಗಿ ಜಗಲಿಯ ಮೆಟ್ಟಿಲಿಗೆ ಬಂದು ಕೂರುವುದು. ಮೇಲಿನ ಮೆಟ್ಟಿಲಲ್ಲಿ ಹೋಂ ಸಿಸ್ಟರ್, ಕೆಳಗಿನದರಲ್ಲಿ ಅವರಿಗೆ ಬೆನ್ನು ಹಾಕಿ ಹುಡುಗಿ. ಪಕ್ಕದಲ್ಲಿ ಎಣ್ಣೆ ಬಟ್ಟಲು. ಅವರು ಜಡೆ ಬಿಚ್ಚಿ, ಸಿಕ್ಕು ಬಿಡಿಸಿ, ನಿಧಾನವಾಗಿ ಬಾಚುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಬಾಚಣಿಗೆ ಕತ್ತಿನ ಹಿಂಭಾಗಕ್ಕೆ ಬರುವಷ್ಟರಲ್ಲಿ ಹುಡುಗಿಯೇ ಮಾತು ತೆಗೆಯುತ್ತಿದ್ದಳು. ವಾರ್ಡಿನಲ್ಲಿ ಸತ್ತವರು, ಬೈದ ಡಾಕ್ಟರು, ಮೈಮೇಲೆ ವಾಂತಿ ಮಾಡಿದ ಮುದುಕ, ಊರಿನಿಂದ ಬಾರದ ಕಾಗದ... ಹೋಂ ಸಿಸ್ಟರ್ "ಹೂಂ" ಎನ್ನುತ್ತಿದ್ದರು. ಮತ್ತೆ "ಹೂಂ". ಒಮ್ಮೊಮ್ಮೆ ಬಾಚಣಿಗೆ ನಿಲ್ಲುತ್ತಿತ್ತು, ಅಷ್ಟೆ.

ಆ ಎಣ್ಣೆಗೆ ಕರಿಬೇವು ನಮ್ಮ ಗಿಡದ್ದು. ಅಮ್ಮ ಕೊಟ್ಟು ಕಳಿಸುತ್ತಿದ್ದಳು. ನಾನು ಬಿ.ಎ. ಓದುತ್ತಿದ್ದೆ, ಮನಶ್ಶಾಸ್ತ್ರ ನನ್ನ ವಿಷಯಗಳಲ್ಲೊಂದು. ಸೊಪ್ಪು ಕೊಡಲು ಹೋದವಳು ಗೋಡೆಯ ಬಳಿ ಸ್ವಲ್ಪ ಹೊತ್ತು ನಿಂತುಬಿಡುತ್ತಿದ್ದೆ. ಒಂದು ದಿನ ಅವರಾಗಿಯೇ ಹೇಳಿದರು:

"ಎದುರಿಗೆ ಕೂರಿಸ್ಕೊಂಡು ಕೇಳಿದ್ರೆ ಎಲ್ರೂ 'ಚೆನ್ನಾಗಿದೀನಿ ಸಿಸ್ಟರ್' ಅಂತಾರೆ ಮಗು. ಬೆನ್ನು ಹಾಕಿ ಕೂತ್ರೆ ಹಂಗನ್ನಕ್ಕಾಗಲ್ಲ."

ಬಾಚಿ ಮುಗಿದ ಮೇಲೆ ಹಲ್ಲಿಗೆ ಸಿಕ್ಕಿದ ಕೂದಲನ್ನು ಎಳೆದು, ತೋರುಬೆರಳಿಗೆ ಸುತ್ತಿ, ಉಂಡೆ ಮಾಡಿ ಕಲ್ಲುಗೋಡೆಯ ಸಂದಿಗೆ ತುರುಕುತ್ತಿದ್ದರು. ಉದುರಿದ ಕೂದಲು ಅಂಗಳದಲ್ಲಿ ಹಾರಾಡಬಾರದು ಎಂಬುದು ನಮ್ಮ ಕಡೆಯ ಎಲ್ಲ ಮನೆಗಳಲ್ಲೂ ಇದ್ದ ಕಟ್ಟಳೆ. ಕೂದಲು ತೆಗೆದುಕೊಂಡು ಪಿನ್ನು, ಟೇಪು ಕೊಡುವ ಹೆಂಗಸು ಬೀದಿಗೆ ಬಂದಾಗ ಉಂಡೆಗಳೆಲ್ಲ ಹೊರಗೆ ಬರುತ್ತಿದ್ದವು. ಇನ್ನೊಂದು ಕಟ್ಟಳೆ, ಸಂಜೆ ದೀಪ ಹಚ್ಚಿದ ಮೇಲೆ ತಲೆ ಬಾಚಬಾರದು ಎಂಬುದು. ಬಾಚಿದರೆ ಲಕ್ಷ್ಮಿ ಹೊಸಲು ದಾಟಿ ಹೋಗುತ್ತಾಳೆ. ಅದನ್ನು ಯಾರೂ ಯಾರಿಗೂ ಹೇಳಿಕೊಡುವ ಅಗತ್ಯವಿರಲಿಲ್ಲ. ಅಮ್ಮ ದೇವರ ಮುಂದೆ ದೀಪ ಹಚ್ಚುವಷ್ಟರಲ್ಲಿ ಪಕ್ಕದ ಮನೆಯ ಜಗಲಿಯಲ್ಲಿ ಎಲ್ಲ ಜಡೆಗಳೂ ಮುಗಿದಿರುತ್ತಿದ್ದವು.

ಆ ಹುಡುಗಿಯರಲ್ಲಿ ಇಬ್ಬರು ನನಗೆ ಚೆನ್ನಾಗಿ ನೆನಪಿದ್ದಾರೆ. ಒಬ್ಬಳು ತಿಪಟೂರಿನವಳು. ಬಂದು ಕೂತರೆ ಅಳು, ಎದ್ದರೆ ಮೌನ. ಹೋಂ ಸಿಸ್ಟರ್ ದಿನವೂ ಅವಳನ್ನೇ ಮೊದಲು ಕರೆಯುತ್ತಿದ್ದರು, ಅವಳ ತಲೆಯನ್ನೇ ಹೆಚ್ಚು ಹೊತ್ತು ಬಾಚುತ್ತಿದ್ದರು. ಇನ್ನೊಬ್ಬಳು ಕೋಲಾರದ ಕಡೆಯವಳು. ಎತ್ತರದ ಹುಡುಗಿ, ಮೊಣಕಾಲು ಮುಟ್ಟುವ ಜಡೆ. ಆಸ್ಪತ್ರೆಯ ದೊಡ್ಡ ಡಾಕ್ಟರು ತಾವೇ ಕೆಮ್ಮುತ್ತ ರೋಗಿಯ ಎದೆಗೆ ಕಿವಿಗೊಡುವುದನ್ನು ಅವಳು ಮಾಡಿ ತೋರಿಸಿದರೆ ಗೋಡೆಯ ಈಚೆ ಅಮ್ಮನೂ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ನನ್ನನ್ನು ಕಂಡರೆ ಅವಳಿಗೆ ತಮಾಷೆ.

"ಬನ್ನಿ ಬಿ.ಎ. ಮೇಡಂ. ನನ್ನ ಮನಸ್ಸಲ್ಲಿ ಏನಿದೆ ಅಂತ ನಿಮ್ಮ ಪುಸ್ತಕ ಹೇಳುತ್ತಾ?"

"ನಿನ್ನ ಮನಸ್ಸಲ್ಲಿ ಮಸಾಲೆ ದೋಸೆ ಬಿಟ್ಟು ಇನ್ನೇನಿದೆ? ತಲೆ ಅಲ್ಲಾಡಿಸ್ಬೇಡ," ಎನ್ನುತ್ತಿದ್ದರು ಹೋಂ ಸಿಸ್ಟರ್.

ಬಾಚಣಿಗೆಯ ಮೂರನೆಯ ಹಲ್ಲು ಮುರಿದದ್ದು ಅವಳ ಕೂದಲಲ್ಲೇ. ಚಟ್ಟೆಂದು ಸದ್ದಾಯಿತು. ಅವಳು ತಿರುಗಿ, "ಸೋತ್ರಾ ಸಿಸ್ಟರ್?" ಎಂದಳು. ಆ ಮೆಟ್ಟಿಲ ಮೇಲೆ ಬೆನ್ನು ಹಾಕಿ ಕೂತೂ ಏನನ್ನೂ ಹೇಳಿಕೊಳ್ಳದವಳು ಅವಳೊಬ್ಬಳೇ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ. ನಗುವವಳ ಬಗ್ಗೆ ಚಿಂತೆ ಮಾಡಲು ಯಾರಿಗೆ ಪುರಸೊತ್ತು?

ಆ ವರ್ಷ ಹೊಸ ಜ್ವರ ಬಂತು. ಫ್ಲೂ ಎಂದು ಪತ್ರಿಕೆಗಳು ಬರೆದವು. ಮದರಾಸಿಗೆ ಬಂದ ಹಡಗಿನಿಂದ ಹಬ್ಬಿತಂತೆ, ಇಡೀ ಪ್ರಪಂಚಕ್ಕೇ ಬಂದಿದೆಯಂತೆ ಎಂದು ಜನ ಮಾತಾಡಿಕೊಂಡರು. ನಮ್ಮ ಕಾಲೇಜು ಮುಚ್ಚಿತು. ಆಷಾಢದ ಗಾಳಿಗೆ ಖಾಲಿ ನಿವೇಶನಗಳ ಕೆಮ್ಮಣ್ಣು ಎದ್ದು ಬಾಗಿಲು ಕಿಟಕಿಗಳ ಮೇಲೆಲ್ಲ ಕೂತಿರುತ್ತಿತ್ತು. ಮೊದಲ ವಾರಗಳಲ್ಲಿ ಅದು ಮೂರು ದಿನ ಮಲಗಿಸಿ ಬಿಟ್ಟುಹೋಗುವ ಜ್ವರ. ಆಮೇಲೆ ಕೆಲವರನ್ನು ಬಿಡದಾಯಿತು. ಆಸ್ಪತ್ರೆಯಲ್ಲಿ ಮಂಚಗಳ ನಡುವೆ ಚಾಪೆ ಹಾಕಿದರು, ಆಮೇಲೆ ವರಾಂಡದಲ್ಲಿ ಹಾಕಿದರು. ನರ್ಸುಗಳಲ್ಲೇ ಅರ್ಧ ಜನ ಮಲಗಿದರು. ಉಳಿದವರಿಗೆ ಪಾಳಿ ಎಂಬುದೇ ಇಲ್ಲವಾಯಿತು. ಬೆಳಿಗ್ಗೆ ಹೋದವರು ಕತ್ತಲಾದ ಮೇಲೆ, ಹೋಂ ಸಿಸ್ಟರ್ ಹಿಡಿದ ಲಾಟೀನಿನ ಹಿಂದೆ ಸಾಲಾಗಿ ನಡೆದು ಬರುತ್ತಿದ್ದರು. ಚಪ್ಪಲಿ ಎಳೆಯುವ ಸದ್ದು ಬಿಟ್ಟರೆ ಬೇರೆ ಸದ್ದಿರುತ್ತಿರಲಿಲ್ಲ.

ಬೀದಿಯಲ್ಲಿ ಅವರನ್ನು ಕಂಡರೆ ಜನ ಆಚೆ ಬದಿಗೆ ಸರಿಯುತ್ತಿದ್ದರು. ಹಾಲಿನವನು ಹಾಲನ್ನು ಗೇಟಿನ ಬಳಿಯೇ ಸುರಿದು ಹೋಗುತ್ತಿದ್ದ. ಅಮ್ಮನೂ ನನ್ನನ್ನು ಆ ಕಡೆ ಕಳಿಸುವುದನ್ನು ನಿಲ್ಲಿಸಿದಳು. ಕರಿಬೇವನ್ನು ಗೋಡೆಯ ಮೇಲಿಟ್ಟು, "ಸಿಸ್ಟರೇ, ಸೊಪ್ಪಿಟ್ಟಿದೀನಿ" ಎಂದು ಕೂಗಿ, ಅವರು ಹೊರಗೆ ಬರುವಷ್ಟರಲ್ಲಿ ಒಳಗೆ ಬಂದುಬಿಡುತ್ತಿದ್ದಳು. ಅವಳನ್ನು ನಾನು ದೂರುವುದಿಲ್ಲ. ಎಲ್ಲರಿಗೂ ಮನೆಯಲ್ಲಿ ಯಾರಾದರೊಬ್ಬರು ಇರುತ್ತಾರೆ.

ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಒಂದು ಮಧ್ಯಾಹ್ನ ಕಾರಿನಲ್ಲಿ ಬಂದರು. ಹುಡುಗಿಯರನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೆ ಒಂದೊಂದು ಸೀಸೆ ಟಾನಿಕ್ ಕೊಟ್ಟರು. "ನೀವೆಲ್ಲ ದೇವತೆಗಳು. ಇಂಥ ಸಮಯದಲ್ಲಿ ಧೈರ್ಯಗೆಡಬಾರದು," ಎಂದರು. ಹೋಂ ಸಿಸ್ಟರ್ ಮುಂದೆ ಬಂದು, ಹುಡುಗಿಯರಿಗೆ ಸರದಿಯ ಮೇಲೆ ಒಂದೊಂದು ದಿನವಾದರೂ ರಜ ಬೇಕು, ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ ಎಂದರು. ಕಾರ್ಯದರ್ಶಿಗಳು, "ಅದನ್ನೇ ಹೇಳಿದ್ದು. ಟಾನಿಕ್ ತಗೊಳ್ಳಲಿ," ಎಂದು ಕಾರು ಹತ್ತಿದರು.

ಕಾರಿನ ಧೂಳು ಅಡಗುವ ಮುಂಚೆಯೇ ಕೋಲಾರದವಳು ಸೀಸೆಯನ್ನು ಎತ್ತಿ ಹಿಡಿದು, "ದೇವತೆಗಳಿಗೆ ರಜ ಇಲ್ಲ ಅಂತ ಹೇಳಕ್ಕೆ ಇಷ್ಟು ದೂರ ಬಂದ್ರಾ ಪಾಪ!" ಎಂದಳು. ಎಲ್ಲರೂ ನಕ್ಕರು. ತಿಪಟೂರಿನವಳೂ ನಕ್ಕಳು.

ದೀಪ ಹಚ್ಚಿದ ಮೇಲೆ ಬರುವ ಹುಡುಗಿಯರ ತಲೆಯನ್ನು ಹೋಂ ಸಿಸ್ಟರ್ ಮೊದಮೊದಲು ಹಾಗೆಯೇ ಬಾಚಿದರು. ಒಳಗಿನ ಹಜಾರದಲ್ಲಿ ಜ್ವರ ಬಂದವರು ಮಲಗಿದ್ದರಿಂದ ಜಗಲಿಯಲ್ಲೇ, ಲಾಟೀನನ್ನು ಸಣ್ಣದು ಮಾಡಿ. ಕಟ್ಟಳೆ ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಮಾಲೀಕರ ಹೆಂಡತಿಯ ಕಣ್ಣಿಗೆ ಬೀಳದಿರಲಿ ಎಂದು ಅವರೂ ಅಂದುಕೊಂಡಿರಬೇಕು. ಬಿತ್ತು. ಆಕೆಯ ಮೊಮ್ಮಗುವಿಗೆ ಜ್ವರ ಬಂದ ಬೆಳಿಗ್ಗೆ ಆಕೆ ಅಂಗಳಕ್ಕೆ ಬಂದು ನಿಂತರು.

"ನರ್ಸಮ್ಮಾ, ಒತ್ತು ಮುಳುಗಿದ್ ಮ್ಯಾಲೆ ನಿಮ್ ಉಡುಗೀರು ತಲೆ ಬಿಚ್ಕೊಂಡು ಬಾಗ್ಲಾಗೆ ಕೂತವ್ರಲ್ಲ, ಏನಿದು? ಅದ್ಕೇ ನಮ್ ಮನೆಗೆ ಜ್ವರ ಒಕ್ಕಿರೋದು. ನನ್ ಮಗ ದಿನಾ ಅಂತವ್ನೆ, ಖಾಲಿ ಮಾಡ್ಸವ್ವ ಇವ್ರನ್ನ ಅಂತ. ನಾನೇ ಇರ್ಲಿ ಪಾಪ ಅಂತ ಬಿಟ್ಟಿವ್ನಿ. ಇನ್ನೊಂದ್ ದಪ ಕಂಡ್ರೆ ಬೀಗ ಆಕ್ಸ್‌ಬಿಡ್ತೀನಿ."

ಹೋಂ ಸಿಸ್ಟರ್ ವಾದ ಮಾಡಲಿಲ್ಲ. ಬೇರೆ ಮನೆಗಾಗಿ ಆಸ್ಪತ್ರೆಯವರು ಆಗಲೇ ಹನುಮಂತನಗರದವರೆಗೆ ಹುಡುಕಿದ್ದರು. ನರ್ಸುಗಳಿಗೆ ಎಂದೊಡನೆ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಒಳಗೆ ನಾಲ್ಕು ಜನ ಎದ್ದು ಕೂರಲಾಗದೆ ಮಲಗಿದ್ದರು.

"ಇನ್ಮೇಲೆ ಇಲ್ಲಮ್ಮ," ಎಂದರು. "ನನ್ನ ಮಾತು ತಗೊಳ್ಳಿ. ಮಗೂಗೆ ಹಣೆ ಮೇಲೆ ಒದ್ದೆ ಬಟ್ಟೆ ಹಾಕ್ತಾ ಇರಿ. ನಾನು ಬಂದು ನೋಡ್ತೀನಿ."

ಆ ಸಂಜೆಯೇ ಅದು ನಡೆದದ್ದು. ನಾನು ನಮ್ಮ ಜಗಲಿಯಲ್ಲಿದ್ದೆ. ಒಳಗೆ ಅಮ್ಮ ದೀಪ ಹಚ್ಚಿ ಆಗಿತ್ತು. ಊದುಬತ್ತಿಯ ವಾಸನೆ ಹೊರಗೆ ಬರುತ್ತಿತ್ತು. ಪಕ್ಕದ ಮನೆಗೆ ಹುಡುಗಿಯರು ಬಂದು, ಮೈ ತೊಳೆದು, ಒಳಗೆ ಸೇರಿದ್ದರು. ಸ್ವಲ್ಪ ಹೊತ್ತಿನ ಮೇಲೆ ಕೋಲಾರದವಳು ಹೊರಗೆ ಬಂದಳು. ಕೂದಲು ಬೆನ್ನ ತುಂಬ ಬಿಚ್ಚಿಕೊಂಡಿತ್ತು. ಹೋಂ ಸಿಸ್ಟರ್ ಲಾಟೀನು ಒರೆಸುತ್ತಿದ್ದರು. ಹಿಂದಿನ ಭಾಗದ ಕಿಟಕಿಯಲ್ಲಿ ಮಾಲೀಕರ ಹೆಂಡತಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದರು.

"ಸಿಸ್ಟರ್, ಇವತ್ತು ಒಂದೇ ಒಂದು ಸಲ."

"ದೀಪ ಹಚ್ಚಾಯ್ತು ಕಣೇ."

"ಸುಮ್ನೆ ಎರಡು ಸಲ ಎಳೆದುಬಿಡಿ ಸಾಕು. ಜಡೆ ನಾನೇ ಹಾಕ್ಕೋತೀನಿ."

ಹೋಂ ಸಿಸ್ಟರ್ ಕಿಟಕಿಯ ಕಡೆ ನೋಡಿದರು. "ನಾಳೆ ಮಧ್ಯಾಹ್ನ ನಿಂದೇ ಮೊದಲು."

"ನಾಳೆ ಮಧ್ಯಾಹ್ನ ನಾನು ವಾರ್ಡಲ್ಲಿರ್ತೀನಲ್ಲ ಸಿಸ್ಟರ್."

"ಹಂಗಾದ್ರೆ ಭಾನುವಾರ. ಹೋಗು, ಊಟ ಮಾಡು. ತಲೆ ಕಟ್ಕೋ ಮೊದಲು."

ಅವಳು ನಿಂತೇ ಇದ್ದಳು. ಆಮೇಲೆ ನಕ್ಕಳು. "ಬಿಡಿ, ಇನ್ನೊಂದು ಹಲ್ಲು ಮುರೀತಿತ್ತು ಅಷ್ಟೆ," ಎಂದು ಒಳಗೆ ಹೋದಳು.

ಆ ನಗುವನ್ನು ನಾವಿಬ್ಬರೂ ನಂಬಿದೆವು... ಹೋಂ ಸಿಸ್ಟರ್ ಲಾಟೀನಿನ ಗಾಜನ್ನು ಮತ್ತೆ ಒರೆಸತೊಡಗಿದರು.

ಎರಡು ದಿನದಲ್ಲಿ ಅವಳಿಗೆ ಜ್ವರ ಬಂತು. ಅವಳು ಕೆಲಸ ಮಾಡುತ್ತಿದ್ದ ವಾರ್ಡಿನಲ್ಲೇ, ಬಾಗಿಲ ಪಕ್ಕದ ಮಂಚದಲ್ಲಿ ಅವಳನ್ನು ಮಲಗಿಸಿದರು. ಮನೆಯಲ್ಲೇ ಜ್ವರದಿಂದ ಮಲಗಿದ್ದ ತಿಪಟೂರಿನವಳು ಅಷ್ಟರಲ್ಲಿ ಎದ್ದಿದ್ದಳು. ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು, ಎಂದಿನಂತೆ ಅಳುತ್ತ, ಅವಳು ಹೇಳಿದ್ದು ಗೋಡೆಯ ಈಚೆಗೆ ಕೇಳಿಸಿತು. ಕೋಲಾರದವಳು ಬಾಚಿ ಎಂದು ಕೇಳಿದ ಆ ದಿನ ವಾರ್ಡಿನಲ್ಲಿ ಒಬ್ಬ ಬಸುರಿ ಸತ್ತಿದ್ದಳು. ನೀರು ಕುಡಿಸಲು ಬಗ್ಗಿದ ಇವಳ ಜಡೆ ಪಿನ್ನು ಕಳಚಿ ಮುಂದೆ ಜಾರಿತು. ಆ ಹೆಂಗಸು ಅದನ್ನೇ ಹಿಡಿದುಕೊಂಡಳು. ಹಿಡಿದುಕೊಂಡೇ ಹೋದಳು. ಬೆರಳುಗಳನ್ನು ಬಿಡಿಸಲು ಇಬ್ಬರು ಬೇಕಾಯಿತಂತೆ.

"ಬಂದು ಜಡೇನ ಮೂರು ಸಲ ಸೋಪು ಹಾಕಿ ತೊಳ್ಕೊಂಡ್ಳು ಸಿಸ್ಟರ್. ಇನ್ನೂ ಅವಳ ಕೈ ಅಲ್ಲೇ ಹಂಗೇ ಇದೆ ಕಣೇ ಅಂದ್ಳು. ನಗ್ತಾ ಹೇಳಿದ್ಳು. ನಾನು ತಮಾಷೆ ಅಂದ್ಕೊಂಡೆ."

ಬಾಚಣಿಗೆ ನಿಂತಿತು. ಈ ಸಲ ಮತ್ತೆ ಆಡಲೇ ಇಲ್ಲ. ನಾನು ತಲೆ ಎತ್ತಿ ನೋಡಿದಾಗ ಹೋಂ ಸಿಸ್ಟರ್ ಅರ್ಧ ಹೆಣೆದ ಜಡೆಯನ್ನು ಹಾಗೇ ಕೈಯಲ್ಲಿ ಹಿಡಿದು ಕೂತಿದ್ದರು. ಹುಡುಗಿ ತಿರುಗಿ ನೋಡಲಾರದೆ, ಏಳಲಾರದೆ ಕಾಯುತ್ತಿದ್ದಳು.

ಅವರು ಆಗಲೇ ಆಸ್ಪತ್ರೆಗೆ ಹೊರಟರು. ಕೈಯಲ್ಲಿ ಬಾಚಣಿಗೆ ಇತ್ತು. ಕೋಲಾರದವಳಿಗೆ ಆ ಹೊತ್ತಿಗೆ ಎಚ್ಚರ ತಪ್ಪಿತ್ತು. ಮರುದಿನ ಬೆಳಗಾಗುವಷ್ಟರಲ್ಲಿ ಅವಳು ಸತ್ತಳು. ಸತ್ತವರನ್ನು ತೊಳೆದು, ಒರೆಸಿ, ತಲೆ ಬಾಚಿ ಮನೆಯವರಿಗೆ ಒಪ್ಪಿಸುವುದು ನರ್ಸುಗಳ ಕೆಲಸ. ಆ ಕೆಲಸವನ್ನು ಹೋಂ ಸಿಸ್ಟರ್ ಬೇರೆ ಯಾರಿಗೂ ಬಿಡಲಿಲ್ಲ. ತುಂಬ ಹೊತ್ತು ಬಾಚಿದರಂತೆ. ಹೊರಗೆ ಅವಳ ತಂದೆ ಬಂದು ಕಾಯುತ್ತಿದ್ದಾರೆ ಎಂದು ಹೇಳಿಕಳಿಸಿದರೂ ನಿಲ್ಲಿಸಲಿಲ್ಲವಂತೆ.

ಆ ತಂದೆಯನ್ನು ನಾನು ನೋಡಿದೆ. ಅವಳ ತಗಡಿನ ಪೆಟ್ಟಿಗೆ ತೆಗೆದುಕೊಂಡು ಹೋಗಲು ಬಂದಿದ್ದರು. ಮಡಿಸಿದ ಕೊಡೆಯನ್ನು ಎರಡು ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತು, "ನಗ್ತಿದ್ಲಾ ತಾಯಿ ಇಲ್ಲಿ? ಮನೇಲಿ ಬಾಳ ನಗ್ತಿದ್ಲು," ಎಂದು ಕೇಳಿದರು. ಹೋಂ ಸಿಸ್ಟರ್, "ನಗ್ತಿದ್ಲು" ಎಂದರು.

ಅದಾದ ಮೇಲೆ ಒಂದು ಸಂಜೆ ಹೋಂ ಸಿಸ್ಟರ್ ಗೋಡೆಯ ಬಳಿ ನಿಂತು ಒಂದು ಸಂದಿಗೆ ಬೆರಳು ಹಾಕಿ ಏನೋ ಹುಡುಕುತ್ತಿದ್ದರು. ಒಂದು ಉಂಡೆಯನ್ನು ಹೊರಗೆಳೆದು ಬೆಳಕಿಗೆ ಹಿಡಿದರು, ಮತ್ತೆ ಒಳಗಿಟ್ಟರು. ಇನ್ನೊಂದು, ಮತ್ತೊಂದು. ಉದ್ದನೆಯ ಕೂದಲಿನ ಉಂಡೆ ಸಿಕ್ಕಿದಾಗ ಅದನ್ನು ಬಿಡಿಸಲು ನೋಡಿದರು. ಬರಲಿಲ್ಲ. ಕೂದಲು ಒಂದಕ್ಕೊಂದು ಹೊಸೆದುಕೊಂಡಿತ್ತು. ಅಂಗೈಯಲ್ಲಿ ಮುಚ್ಚಿಕೊಂಡು ಒಳಗೆ ಹೋದರು.

ಆ ದಿನದಿಂದ ಅವರು ಕಟ್ಟಳೆಯನ್ನು ಬಿಟ್ಟರು. ದೀಪ ಹಚ್ಚಿದ ಮೇಲೆ ಜಗಲಿಯ ಮೇಲೆ ಲಾಟೀನನ್ನು ದೊಡ್ಡದು ಮಾಡಿ ಇಟ್ಟು ಕೂತರು. ಯಾರು ಎಷ್ಟು ಹೊತ್ತಿಗೆ ಬಂದರೂ ಬಾಚಿದರು. ಮಾಲೀಕರ ಹೆಂಡತಿ ಬಂದು ಮೆಟ್ಟಿಲ ಕೆಳಗೆ ನಿಂತರು. ಅವರ ಮೊಮ್ಮಗುವಿಗೆ ವಾಸಿಯಾಗಿತ್ತು; ಅದರ ಹಣೆಗೆ ಒದ್ದೆ ಬಟ್ಟೆ ಹಾಕಿ ಎರಡು ದಿನ ಕೂತಿದ್ದವರು ಹೋಂ ಸಿಸ್ಟರೇ.

"ಮಾತು ಕೊಟ್ಟಿದ್ರಲ್ಲ ನರ್ಸಮ್ಮ."

"ಕೊಟ್ಟಿದ್ದೆ. ಒಂದು ಸಲ ಉಳಿಸ್ಕೊಂಡೆ. ಸಾಕು."

"ಲಕ್ಷ್ಮಿ ಓಯ್ತಾಳೆ ಕಣ್ರಮ್ಮ ಮನೆಯಿಂದ."

"ಹೋದ್ಲಲ್ಲಮ್ಮ." ಬಾಚುತ್ತಲೇ ಹೇಳಿದರು. "ಬೀಗದ ಕೈ ಬೇಕಾದ್ರೆ ತಗೊಳ್ಳಿ. ಬೀದೀಲಿ ಕೂರಿಸಿ ಬಾಚ್ತೀನಿ."

ಆಕೆ ಹಿಂದಕ್ಕೆ ಹೋಗಿ ತಮ್ಮ ಕಿಟಕಿಯ ಬಾಗಿಲು ಎಳೆದುಕೊಂಡರು. ಆಮೇಲೆ ಆ ಕಿಟಕಿ ಸಂಜೆಗಳಲ್ಲಿ ತೆರೆಯಲಿಲ್ಲ.

ಜ್ವರ ನಿಧಾನವಾಗಿ ಇಳಿಯಿತು. ವರಾಂಡದ ಚಾಪೆಗಳನ್ನು ಸುಟ್ಟರು. ಹುಡುಗಿಯರು ಒಬ್ಬೊಬ್ಬರಾಗಿ ನಗಲು ಕಲಿತರು. ಯಾರೂ ಕೆಲಸ ಬಿಟ್ಟು ಓಡಲಿಲ್ಲ, ಮತ್ತೆ ಯಾರೂ ಸಾಯಲಿಲ್ಲ. ಅದಕ್ಕಾಗಿ ಕಾರ್ಯದರ್ಶಿಗಳು ಸಭೆ ಮಾಡಿ ಡಾಕ್ಟರಿಗೆ ಹಾರ ಹಾಕಿದರು. ಹೋಂ ಸಿಸ್ಟರ್ ಮಾತ್ರ ಆಗ ಕುಸಿಯತೊಡಗಿದರು. ಅಲ್ಲಿಯವರೆಗೆ ಕುಸಿಯಲು ಸಮಯ ಸಿಕ್ಕಿರಲಿಲ್ಲವೇನೋ... ರಾತ್ರಿ ನಿದ್ದೆ ಮಾಡುವುದಿಲ್ಲ ಎಂದು ಹುಡುಗಿಯರು ಪಿಸುಗುಟ್ಟಿದರು. ಒಂದೇ ಕಡೆ ಮತ್ತೆ ಮತ್ತೆ ಬಾಚಿ, ಹುಡುಗಿ "ಸಿಸ್ಟರ್, ಉರೀತಿದೆ" ಎಂದಾಗ ಬೆಚ್ಚಿ ಬೀಳುತ್ತಿದ್ದರು. ಎಲ್ಲರೂ ಅವರಿಗೆ ಹೇಳಿಕೊಂಡಿದ್ದರು. ಅವರು ಯಾರಿಗೆ ಹೇಳಿಕೊಳ್ಳಬೇಕು ಎಂಬುದನ್ನು ನಾವ್ಯಾರೂ ಯೋಚಿಸಿರಲಿಲ್ಲ.

ಒಂದು ಮಧ್ಯಾಹ್ನ ಅಮ್ಮ ಮಲಗಿದ್ದಾಗ ನಾನು ಕರಿಬೇವು ಹಿಡಿದು ಗೇಟಿನಿಂದಲೇ ಹೋದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೋಂ ಸಿಸ್ಟರ್ ಕೆಳಗಿನ ಮೆಟ್ಟಿಲ ಮೇಲೆ, ಹುಡುಗಿಯರು ಕೂರುವ ಜಾಗದಲ್ಲಿ ಕೂತಿದ್ದರು. ತಲೆಯ ಮೇಲೆ ಸೆರಗಿರಲಿಲ್ಲ. ಮೊದಲ ಬಾರಿಗೆ ನಾನು ಅವರ ಕೂದಲನ್ನು ನೋಡಿದೆ. ಕತ್ತಿನವರೆಗೂ ಬಾರದ, ಅಲ್ಲಲ್ಲಿ ನೆತ್ತಿ ಕಾಣುವ ಬಿಳಿಗೂದಲು. ಪಕ್ಕದಲ್ಲಿ ಬಾಚಣಿಗೆ ಇತ್ತು.

ನಾನು ಯಾರನ್ನೂ ಸುಲಭವಾಗಿ ಮುಟ್ಟುವವಳಲ್ಲ. ಆವತ್ತು ಸೊಪ್ಪನ್ನು ಕೆಳಗಿಟ್ಟು ಮೇಲಿನ ಮೆಟ್ಟಿಲಲ್ಲಿ ಕೂತೆ. ಬಾಚಣಿಗೆ ತೆಗೆದುಕೊಂಡೆ.

"ನನ್ನ ತಲೇಲಿ ಬಾಚಕ್ಕೆ ಏನಿದೆ ಮಗು," ಎಂದರು. "ಹದಿನೆಂಟು ವರ್ಷದವಳಿದ್ದಾಗ ಟೈಫಾಯ್ಡ್ ಬಂತು. ಆಗ ಹೋಗಿದ್ದು, ಮತ್ತೆ ಬರಲೇ ಇಲ್ಲ."

ನಾನು ಬಾಚಿದೆ. ಬಹಳ ಬೇಗ ಮುಗಿಯುವ ಕೂದಲು. ಮುಗಿದಾಗ ಮತ್ತೆ ಮೊದಲಿಂದ ಶುರುಮಾಡಿದೆ. ಕತ್ತಿನ ಹಿಂದೆ ಬಂದಾಗ ಅವರು ಮಾತು ತೆಗೆದರು.

"ಪಿನ್ನೆಲ್ಲ ಬಿಚ್ಚಿ ಕೈಯಲ್ಲಿ ಹಿಡ್ಕೊಂಡೇ ಬಂದಿದ್ಲು ಕಣೇ... ಬಾಚೇ ಬಾಚ್ತೀನಿ ಅಂತ ನಂಬ್ಕೊಂಡು."

ಆಮೇಲೆ ತುಂಬ ಹೊತ್ತು ಮಾತಾಡಿದರು. ಮಿಕ್ಕದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ನನಗೆ ಆಗ ತಿಳಿದದ್ದು ಒಂದೇ, ನಾನೂ "ಹೂಂ" ಎಂದೆ. ನೆರಳು ಗೋಡೆ ಹತ್ತಿದಾಗ ನಮ್ಮ ಮನೆಯಿಂದ ಅಮ್ಮ ಕರೆದಳು. ಬಾಚಣಿಗೆಗೆ ಸಿಕ್ಕಿದ ನಾಲ್ಕೈದು ಬಿಳಿ ಕೂದಲನ್ನು ಬೆರಳಿಗೆ ಸುತ್ತಿದೆ. ಉಂಡೆಯಾಗುವಷ್ಟೂ ಇರಲಿಲ್ಲ.

ಇದರಿಂದ ಅವರು ಚೇತರಿಸಿಕೊಂಡರು ಎಂದು ಬರೆಯಲು ಇಷ್ಟ. ಹಾಗಾಗಲಿಲ್ಲ. ಕೆಲವು ವಾರಗಳ ನಂತರ ಅವರಿಗೆ ನರಗಳ ದೌರ್ಬಲ್ಯ ಎಂದು ಹೇಳಿ ಮಂಡಳಿಯವರು ರಜ ಕೊಟ್ಟರು. ಹುಡುಗಿಯರಿಗೆ ಕೇಳಿದಾಗ ಇರದಿದ್ದ ರಜ, ಅವರಿಗೆ ಕೇಳದೆಯೇ ಸಿಕ್ಕಿತು. ಅವರ ತಮ್ಮ ಬಂದು ಹಾಸನದ ಕಡೆಗೆ ಕರೆದುಕೊಂಡು ಹೋದರು. ಜಟಕಾ ಹತ್ತುವಾಗ ಹುಡುಗಿಯರು ಸಾಲಾಗಿ ನಿಂತಿದ್ದರು. ಅವರು ಒಬ್ಬೊಬ್ಬರ ಜಡೆಯನ್ನೂ ಹಿಡಿದು, ಬಿಗಿ ನೋಡಿ, ಬಿಟ್ಟರು. ನಾನು ಗೋಡೆಯ ಈಚೆ ಇದ್ದೆ. ನನ್ನ ಕಡೆ ತಿರುಗಿ ತಲೆಯಾಡಿಸಿದರು. ಆಮೇಲೆ ನಾನು ಎಂ.ಎ.ಗೆ ಮೈಸೂರಿಗೆ ಹೋದೆ. ಅವರು ಮತ್ತೆ ಬರಲಿಲ್ಲ.

ಈಗ ನಾನು ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಅಪ್ಪ ಇಲ್ಲ, ನಾನೂ ಅಮ್ಮನೂ ಅದೇ ಮನೆಯಲ್ಲಿದ್ದೇವೆ. ಪಕ್ಕದ ಮನೆಯ ಮೇಲೆ ಇನ್ನೊಂದು ಅಂತಸ್ತು ಬಂದಿದೆ. ಕಾಡುಗಲ್ಲಿನ ಗೋಡೆ ಹೋಗಿ ಇಟ್ಟಿಗೆಯದು ಎದ್ದಿದೆ. ಸಿಮೆಂಟು ಮೆತ್ತಿದ್ದು, ಸಂದಿಲ್ಲದ್ದು. ಹೋದ ವಾರ ಒಂದು ಸಂಜೆ ಬಿಳಿ ಸೀರೆಯ ಹೆಂಗಸೊಬ್ಬರು ಗೇಟಿನ ಬಳಿ ನಿಂತಿದ್ದರು. ಗುರುತು ಹಿಡಿಯಲು ಹೊತ್ತಾಯಿತು. ತಿಪಟೂರಿನ ಹುಡುಗಿ. ಅವಳೇ ಈಗ ಒಂದು ಆಸ್ಪತ್ರೆಯಲ್ಲಿ ಹೋಂ ಸಿಸ್ಟರ್.

ಕಾಫಿ ಕುಡಿಯುವಾಗ ಹೇಳಿದಳು. ಹೋಂ ಸಿಸ್ಟರ್ ಹೋದ ತಿಂಗಳು ತೀರಿಕೊಂಡರು. ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿದ್ದರಂತೆ. ಕೊನೆಕೊನೆಗೆ ಯಾರ ಗುರುತೂ ಸಿಗುತ್ತಿರಲಿಲ್ಲ. ಸಂಜೆಯಾದರೆ ಚಡಪಡಿಕೆ, ಆ ಮನೆಯ ಹೆಣ್ಣುಮಕ್ಕಳನ್ನು "ದೀಪ ಹಚ್ಚೋ ಮುಂಚೆ ಬಾರೇ, ಬಾರೇ" ಎಂದು ಕರೆಯುತ್ತಿದ್ದರಂತೆ. ಆ ಮಕ್ಕಳು ಹೆದರಿ ಹತ್ತಿರ ಹೋಗುತ್ತಿರಲಿಲ್ಲವಂತೆ. ಇವಳು ವರ್ಷಕ್ಕೊಮ್ಮೆ ಹೋಗಿ ಅವರ ಮುಂದೆ ಬೆನ್ನು ಹಾಕಿ ಕೂತು ಬರುತ್ತಿದ್ದಳು.

ಚೀಲದಿಂದ ಬಾಚಣಿಗೆ ತೆಗೆದು ಕೊಟ್ಟಳು.

"ನೀವೇ ಇಟ್ಕೊಳ್ಳಬೇಕು ಇದು. ನೆನಪು ಸರಿಯಿದ್ದಾಗ ಹೇಳ್ತಿದ್ರು, ನನ್ನ ತಲೆ ಬಾಚಿದ್ದು ಗೋಡೆ ಆಚೆ ಮಗು ಒಬ್ಳೇ ಅಂತ."

ಅವಳು ಹೋದ ಮೇಲೆ ಅಮ್ಮನಿಗೆ ಏನೂ ಹೇಳಲಿಲ್ಲ. ಅಮ್ಮ ದೇವಸ್ಥಾನದಿಂದ ಬಂದಾಗ ಕಾಫಿ ಲೋಟಗಳನ್ನು ತೊಳೆದಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಅಮ್ಮ ಏಳುವ ಮುಂಚೆ ಎದ್ದು ಹಂಡೆಗೆ ನೀರು ತುಂಬಿ ಒಲೆ ಹಚ್ಚಿದೆ. ಮನೆಯವರ ಸಾವಿನ ಸುದ್ದಿ ಕೇಳಿದರೆ ಮಾಡುವಂತೆ ತಲೆಗೆ ನೀರು ಹಾಕಿಕೊಂಡೆ. ಕೂದಲು ಬಾಚಲಿಲ್ಲ, ಹೆಣೆಯಲಿಲ್ಲ. ಹಾಗೇ ಬಿಟ್ಟುಕೊಂಡು ಬಚ್ಚಲಿನಿಂದ ಹೊರಗೆ ಬಂದಾಗ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನನ್ನ ತಲೆಯನ್ನು ನೋಡಿದಳು.

"ಯಾರು ಹೋದ್ರೇ?"

"ಪಕ್ಕದ ಮನೆ ಸಿಸ್ಟರು."

ಹಿತ್ತಲಿನ ಬಾಗಿಲಿನಿಂದ ಕರಿಬೇವಿನ ಗಿಡ ಕಾಣುತ್ತದೆ. ಅಮ್ಮ ಅತ್ತ ನೋಡಿದಳು. ಆಮೇಲೆ ಕೈಯೆತ್ತಿ ತನ್ನ ತುರುಬಿನ ಪಿನ್ನುಗಳನ್ನು ಒಂದೊಂದಾಗಿ ತೆಗೆಯತೊಡಗಿದಳು.

"ಹಂಡೇಲಿ ಇನ್ನೂ ನೀರಿದ್ಯಾ?" ಎಂದು ಕೇಳಿದಳು.

ನಾನು ಬಚ್ಚಲಿಗೆ ವಾಪಸು ಹೋಗಿ ಒಲೆಗೆ ಇನ್ನೊಂದು ಸೌದೆ ಹಾಕಿದೆ.